ಚೆಂದದ ಬಲಗಡೆ, ಚೆಂದವಿಲ್ಲದ ಎಡಗಡೆ: ಒಂದು ನಾಯಿಯ ದತ್ತು ಪ್ರಕರಣ

ಇದು ಒಂದು ಹೆಣ್ಣು ನಾಯಿಯ ಪ್ರಕರಣ. ಇಲ್ಲಿ ಅದನ್ನು ಚುಕ್ಕಿ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಮನೆಯವರ ಹೆಸರು, ಊರು, ಉದ್ಯೋಗ ಯಾವುದನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಯಾವಾಗ ಏನು ತೀರ್ಮಾನವಾಯಿತು, ಯಾಕೆ ಆಯಿತು ಎನ್ನುವುದು ಮಾತ್ರ ನಡೆದ ಹಾಗೇ ಇದೆ. ನಾನಿರುವುದು ಗಾಯಗೊಂಡ ನಾಯಿ, ಬೆಕ್ಕುಗಳಿಗೆ ಮನೆ ಹುಡುಕುವ ಒಂದು ಆಶ್ರಯ ಕೇಂದ್ರದಲ್ಲಿ. ದತ್ತು ಕೊಟ್ಟ ಮೇಲೆ ಆ ಮನೆಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವುದು ನನ್ನ ಪಾಲಿನ ಕೆಲಸ.

ಹಿನ್ನೆಲೆ

ಚುಕ್ಕಿಗೆ ಆಗ ಸುಮಾರು ಮೂರು ವರ್ಷ. ವಾಹನ ಬಡಿದು ಮುಖದ ಎಡಭಾಗ ನಜ್ಜುಗುಜ್ಜಾಗಿತ್ತು. ಎಡಗಣ್ಣು ಉಳಿಯಲಿಲ್ಲ. ಅದನ್ನು ತೆಗೆದು ರೆಪ್ಪೆ ಹೊಲಿದರು. ಕೆಳದವಡೆಯ ಎಡ ಮುಂಭಾಗದ ಮೂಳೆ ಚೂರುಚೂರಾಗಿತ್ತು. ಅಷ್ಟು ಭಾಗವನ್ನು ಕೋರೆಹಲ್ಲಿನ ಸಮೇತ ತೆಗೆಯಬೇಕಾಯಿತು. ನಾಯಿಯ ನಾಲಿಗೆ ಪಕ್ಕಕ್ಕೆ ಜಾರದಂತೆ ತಡೆಯುವುದು ಕೆಳಗಿನ ಕೋರೆಹಲ್ಲುಗಳೇ. ಒಂದು ಹೋದ ಮೇಲೆ ನಾಲಿಗೆ ಎಡಕ್ಕೆ ಜೋತುಬಿತ್ತು. ಹರಿದಿದ್ದ ಮೇಲ್ದುಟಿ ವಾಸಿಯಾಗುವಾಗ ಕಲೆ ಬಿಗಿದುಕೊಂಡು ತುಟಿಯನ್ನು ಮೇಲಕ್ಕೆ ಎಳೆಯಿತು. ಹಾಗಾಗಿ ಎಡಗಡೆಯ ಮೇಲಿನ ಕೋರೆಹಲ್ಲು ಯಾವಾಗಲೂ ಹೊರಗೇ. ಕಲೆಯ ಮೇಲೆ ಮತ್ತೆ ಕೂದಲು ಹುಟ್ಟಲಿಲ್ಲ.

ಬಲಗಡೆಯಿಂದ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಕಂದು ಕಣ್ಣು, ತುದಿ ಮಡಚಿದ ಕಿವಿ, ನುಣ್ಣನೆ ಮೂತಿ. ಯಾರು ನೋಡಿದರೂ ಚೆಂದ ಎನ್ನುವ ನಾಯಿ.

ಚುಕ್ಕಿಯನ್ನು ಒಯ್ದ ಮನೆಯಲ್ಲಿ ಮೂರು ಜನ. ತಾಯಿ, ಹೈಸ್ಕೂಲಿಗೆ ಹೋಗುವ ಮಗಳು, ಮತ್ತು ತಾಯಿಯ ತಾಯಿ. ಹಟ ಮಾಡಿದ್ದು ಮಗಳು. ಅಪಘಾತದ ಕಥೆ ಕೇಳಿ ಆಕೆಗೆ ಕಣ್ಣೀರು ಬಂದಿತ್ತು. ತಾಯಿಗೂ ಮನಸ್ಸು ಕರಗಿತ್ತು. ಅರ್ಜಿಯಲ್ಲಿ "ಯಾಕೆ ಇದೇ ನಾಯಿ ಬೇಕು?" ಎಂಬ ಪ್ರಶ್ನೆಗೆ ಆಕೆ ಬರೆದದ್ದು ಒಂದೇ ಸಾಲು: "ಪಾಪ, ಇದನ್ನು ಬೇರೆ ಯಾರು ಒಯ್ಯುತ್ತಾರೆ?"

ಆ ಸಾಲಿನಲ್ಲಿ ಒಳ್ಳೆಯತನ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಕನಿಕರಕ್ಕೆ ಒಂದು ತೊಂದರೆ ಇದೆ. ಅದು ದೂರದಿಂದ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಾ ಬೆಳಗ್ಗೆ ಜೊಲ್ಲು ಒರೆಸುವ ಹೊತ್ತಿಗೆ ಅದರ ಕಾವು ಆರಿರುತ್ತದೆ.

ಸಮಸ್ಯೆ ಶುರುವಾದ ಬಗೆ

ಅಜ್ಜಿಗೆ ಮೊದಲ ದಿನದಿಂದಲೇ ಇಷ್ಟವಿರಲಿಲ್ಲ. "ಇದರ ಮುಖ ನೋಡ್ಕೊಂಡು ಊಟ ಮಾಡೋದು ಹೇಗಮ್ಮಾ?" ಎಂದು ತಮ್ಮ ಮಗಳನ್ನು ನೇರವಾಗಿಯೇ ಕೇಳಿದ್ದರು. ನಾಯಿ ಹಜಾರಕ್ಕೆ ಬಂದರೆ ಅವರು ಎದ್ದು ಕೋಣೆಗೆ ಹೋಗುತ್ತಿದ್ದರು. ಅಜ್ಜಿಯದು ಬಿಚ್ಚು ಮಾತು, ಆದ್ದರಿಂದ ಅಷ್ಟು ಕಷ್ಟವಲ್ಲ. ಕಷ್ಟ ಇದ್ದದ್ದು ತಾಯಿಯ ವಿಷಯದಲ್ಲಿ. ಅವರು ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಆದರೆ ಊಟ ಇಡುವಾಗ ಬಟ್ಟಲನ್ನು ಕಾಲಿನಿಂದ ಮುಂದೆ ತಳ್ಳುತ್ತಿದ್ದರು. ಸವರಿದರೆ ಬೆನ್ನು ಮಾತ್ರ, ತಲೆಯಲ್ಲ. ಇದನ್ನು ಗಮನಿಸಿ ನನಗೆ ಹೇಳಿದ್ದು ಮಗಳು.

ಮುಖ ಮುಟ್ಟಲು ಹಿಂಜರಿಕೆ ಇದ್ದರೆ ಮುಖದ ಆರೈಕೆ ಆಗುವುದಿಲ್ಲ. ಚುಕ್ಕಿಯ ಎಡಗಲ್ಲದಿಂದ ಜೊಲ್ಲು ಸದಾ ಇಳಿಯುತ್ತದೆ. ಅದನ್ನು ಒರೆಸಿ ಒಣಗಿಸಬೇಕು ಎಂದು ನಾವು ಕೊಡುವಾಗಲೇ ಹೇಳಿದ್ದೆವು. ಒರೆಸುವುದು ಎರಡು ದಿನಕ್ಕೊಮ್ಮೆ ಆಯಿತು. ಆಮೇಲೆ ನೆನಪಾದಾಗ. ಒದ್ದೆ ಚರ್ಮದಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಬೆಳೆಯಲು ಹೆಚ್ಚು ಹೊತ್ತು ಬೇಡ. ಗಲ್ಲದ ಕೂದಲು ಕೆಂಪು ಕಂದು ಬಣ್ಣಕ್ಕೆ ತಿರುಗಿತು. ವಾಸನೆ ಶುರುವಾಯಿತು. ವಾಸನೆ ಬಂದ ಮೇಲೆ ಹತ್ತಿರ ಹೋಗುವುದು ಇನ್ನೂ ಕಡಿಮೆಯಾಯಿತು. ಹತ್ತಿರ ಹೋಗದ್ದರಿಂದ ವಾಸನೆ ಜಾಸ್ತಿಯಾಯಿತು.

ಇಂಥ ಪ್ರಾಣಿಗಳ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಸುತ್ತು ಇದು. ಜನ "ಮುಖ ನೋಡಲಾಗುತ್ತಿಲ್ಲ" ಎನ್ನುತ್ತಾರೆ. ಕೆದಕಿ ಕೇಳಿದರೆ ಅರ್ಧ ದೂರು ಮೂಗಿನದೇ ಆಗಿರುತ್ತದೆ.

ಇನ್ನೊಂದು ತೊಡಕು ಆ ಕೋರೆಹಲ್ಲಿನದು. ತುಟಿ ಎತ್ತಿ ಹಲ್ಲು ತೋರಿಸುವುದು ನಾಯಿಗಳ ಭಾಷೆಯಲ್ಲಿ ಎಚ್ಚರಿಕೆ. ಚುಕ್ಕಿ ನಿದ್ದೆ ಮಾಡುವಾಗಲೂ ಎಡಗಡೆಯಿಂದ ಎಚ್ಚರಿಸುತ್ತಲೇ ಇರುತ್ತದೆ! ಮನೆಗೆ ಬಂದವರು ಹೆದರಿ ಹಿಂದೆ ಸರಿಯುತ್ತಿದ್ದರು. ಬೀದಿಯಲ್ಲಿ ಬೇರೆ ನಾಯಿಗಳು ಎದುರಾದರೆ ಮೈ ಬಿಗಿಯುತ್ತಿದ್ದವು. ಒಮ್ಮೆ ಒಂದು ನಾಯಿ ಮೇಲೆ ಬಿದ್ದು ಕಚ್ಚಿಯೂ ಬಿಟ್ಟಿತು. ಚುಕ್ಕಿ ಏನೂ ಮಾಡಿರಲಿಲ್ಲ. ಸುಮ್ನೆ ನಿಂತಿತ್ತು, ಅಷ್ಟೇ. ಅದರ ಮನಸ್ಸಿನಲ್ಲಿ ಇಲ್ಲದ ಮಾತನ್ನು ಅದರ ಮುಖ ಆಡುತ್ತಿತ್ತು.

ಮೊದಲು ಮಾಡಿ ನೋಡಿದ್ದು

ಮನೆಯವರು ಕೈಕಟ್ಟಿ ಕೂರಲಿಲ್ಲ. ಮಗಳು ಬಣ್ಣಬಣ್ಣದ ಸ್ಕಾರ್ಫ್ ತಂದು ಕುತ್ತಿಗೆಗೆ ಕಟ್ಟಿದಳು. ಗಲ್ಲ ಸ್ವಲ್ಪ ಮುಚ್ಚುವ ಹಾಗೆ. ಫೋಟೋದಲ್ಲಿ ಮುದ್ದಾಗಿ ಕಂಡಿತು. ಆದರೆ ಸ್ಕಾರ್ಫ್ ಜೊಲ್ಲು ಹೀರಿಕೊಂಡು ಇಡೀ ದಿನ ಒದ್ದೆಯಾಗಿಯೇ ಇರುತ್ತಿತ್ತು. ಒಳಗಿನ ಚರ್ಮ ಕೆರಳಿತು. ಚುಕ್ಕಿ ಕಾಲಿನಿಂದ ಕೆರೆದು ಕೆರೆದು ಹುಣ್ಣು ಮಾಡಿಕೊಂಡಿತು.

ಫೋಟೋಗಳದು ಬೇರೆಯೇ ಕಥೆ. ಆಕೆ ತೆಗೆದು ಹಂಚಿಕೊಂಡದ್ದೆಲ್ಲ ಬಲಗಡೆಯ ಫೋಟೋ. ಗಲ್ಲ ಹಿಡಿದು ಮುಖ ತಿರುಗಿಸಿ, ಬೆಳಕು ನೋಡಿ, ಅಚ್ಚುಕಟ್ಟಾಗಿ. ಅದನ್ನು ನೋಡಿ ಮೆಚ್ಚಿ ಬಂದ ಗೆಳತಿಯರು ಬಾಗಿಲಲ್ಲೇ ಬೆಚ್ಚಿ ನಿಂತರು. ಮುಚ್ಚಿಟ್ಟದ್ದು ಎದುರಿಗೆ ಬಂದಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಹುಡುಗಿಯರು ಎಡಗಡೆಯನ್ನು ಮೊದಲೇ ನೋಡಿ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಲ್ವಾ?

ಅಜ್ಜಿಯ ಮನಸ್ಸು ಬದಲಿಸಲು ಮಗಳು ವಿಡಿಯೋಗಳನ್ನು ತೋರಿಸಿದಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಗತ್ತಿನ ಅತಿ ಕುರೂಪಿ ನಾಯಿಗೆ ಬಹುಮಾನ ಕೊಡುವ ಸ್ಪರ್ಧೆ ಇದೆ. ಅಲ್ಲಿನ ಪೆಟಲುಮಾ ಎಂಬ ಊರಿನ ಜಾತ್ರೆಯಲ್ಲಿ ಬಹಳ ವರ್ಷ ನಡೆದದ್ದು. 2003ರಿಂದ 2005ರವರೆಗೆ ಸ್ಯಾಮ್ ಎಂಬ ಕೂದಲಿಲ್ಲದ, ಕುರುಡು ನಾಯಿ ಸತತವಾಗಿ ಗೆದ್ದಿತ್ತು. 2024ರಲ್ಲಿ ಗೆದ್ದದ್ದು ವೈಲ್ಡ್ ಥ್ಯಾಂಗ್ ಎಂಬ ಪೆಕಿನೀಸ್ ತಳಿಯ ನಾಯಿ. ಮರಿಯಾಗಿದ್ದಾಗ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದು ಬದುಕಿದ್ದು. ಹಲ್ಲು ಸರಿಯಾಗಿ ಬೆಳೆಯದೆ ಅದರ ನಾಲಿಗೆಯೂ ಹೊರಗೇ ಜೋತಾಡುತ್ತದೆ. "ನೋಡಜ್ಜಿ, ನಮ್ಮ ಚುಕ್ಕಿ ಥರಾನೇ. ಎಲ್ಲರೂ ಎಷ್ಟು ಪ್ರೀತಿ ಮಾಡ್ತಾರೆ!" ಎಂದಳು. ಅಜ್ಜಿ ನೋಡಿ ನಕ್ಕರು. ಆಮೇಲೆ ಹೇಳಿದರಂತೆ: "ಅದು ಫೋನಿನೊಳಗಿದೆ. ಇದು ನನ್ನ ಮಂಚದ ಪಕ್ಕ ಇದೆ."

ಅಜ್ಜಿಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸ್ಪರ್ಧೆಯಿಂದ ಒಳ್ಳೆಯದಾಗಿದೆ. ಯಾರೂ ಬೇಡ ಎಂದ ನಾಯಿಗಳ ಕಡೆ ಜನರ ಗಮನ ಹರಿದಿದೆ. ಆದರೆ ಪರದೆಯ ಮೇಲಿನ ನಾಯಿ ವಾಸನೆ ಬರುವುದಿಲ್ಲ, ನೆಲ ಒದ್ದೆ ಮಾಡುವುದಿಲ್ಲ.

ಮನೆಗೆ ಬಂದವರಿಗೆ ತಾಯಿ ಅಪಘಾತದ ಕಥೆ ಹೇಳುತ್ತಿದ್ದರು. ಕೇಳಿದವರು "ಅಯ್ಯೋ ಪಾಪ" ಎಂದು ಬಗ್ಗಿ ಸವರಲು ಕೈ ಚಾಚುತ್ತಿದ್ದರು. ಹೆಚ್ಚಾಗಿ ಎಡಗಡೆಯಿಂದಲೇ, ಯಾಕೆಂದರೆ ಗಾಯ ಕಾಣುವುದು ಆ ಕಡೆ. ಆ ಕಡೆ ಕಣ್ಣಿಲ್ಲ. ಎಲ್ಲಿಂದಲೋ ಬಂದ ಕೈ ತಲೆಗೆ ತಗುಲಿದರೆ ಯಾವ ನಾಯಿಯಾದರೂ ಬೆಚ್ಚುತ್ತದೆ. ಚುಕ್ಕಿ ಬೆಚ್ಚಿದರೆ ಆ ಹಲ್ಲು ಇನ್ನಷ್ಟು ಕಾಣುತ್ತದೆ. ಬಂದವರು ಕೈ ಹಿಂದೆಗೆಯುತ್ತಾರೆ. ಕನಿಕರ ಅಲ್ಲಿಗೆ ಮುಗಿಯಿತು.

ವಾಪಸ್ ಕೊಡುವ ಮಾತು

ಒಂದು ಸಂಜೆ ತಾಯಿಯ ಫೋನ್ ಬಂತು. ಚುಕ್ಕಿ ಮಗಳ ಕೈಗೆ ಬಾಯಿ ಹಾಕಿತ್ತು. ಹಲ್ಲು ತಗುಲಿತ್ತು, ರಕ್ತ ಬಂದಿರಲಿಲ್ಲ. ಮಗಳು ಎಂದಿನಂತೆ ಫೋಟೋಗೆಂದು ಗಲ್ಲ ಹಿಡಿದು ಎತ್ತಿದ್ದಳು. "ಇಷ್ಟು ದಿನ ಮುಖ ಮಾತ್ರ ಹೆದರಿಸ್ತಿತ್ತು. ಈಗ ನಿಜವಾಗಲೂ ಕಚ್ಚೋಕೆ ಬರ್ತಿದೆ. ನೀವು ವಾಪಸ್ ತಗೊಳ್ತೀರಾ?" ಎಂದು ಕೇಳಿದರು.

ನಮ್ಮ ಉತ್ತರ ಯಾವಾಗಲೂ ಒಂದೇ: ಹೌದು, ತಗೊಳ್ತೀವಿ, ಯಾಕೆ ಎಂದು ತಪ್ಪು ಹೊರಿಸುವುದಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು. ದಾರಿ ತೆರೆದಿದೆ ಎಂದು ಗೊತ್ತಾದ ಮೇಲೆ ಜನ ಸಮಾಧಾನವಾಗಿ ಮಾತಾಡುತ್ತಾರೆ. ಆಮೇಲೆ ನಾನು ಕೇಳಿಕೊಂಡದ್ದು ಇಷ್ಟೇ: ತೀರ್ಮಾನ ಮಾಡುವ ಮೊದಲು ಡಾಕ್ಟರಿಗೆ ತೋರಿಸೋಣ. ತರಬೇತಿ ಕೊಡುವವರ ಹತ್ತಿರ ಈಗಲೇ ಬೇಡ.

ಇದಕ್ಕೆ ಕಾರಣ ಇತ್ತು. ಇಷ್ಟು ದಿನ ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿಸಿಕೊಳ್ಳಲು ಒಪ್ಪದಿದ್ದರೆ ಮೊದಲ ಅನುಮಾನ ನೋವಿನ ಮೇಲೆ. ನಾಯಿಗಳು ನೋವನ್ನು ಸಾಧ್ಯವಾದಷ್ಟು ಮುಚ್ಚಿಡುತ್ತವೆ. ಊಟದ ವೇಗ ಇಳಿಯುತ್ತದೆ, ತಲೆ ಪಕ್ಕಕ್ಕೆ ತಿರುಗಿಸುತ್ತವೆ, ಮತ್ತೆ ಮತ್ತೆ ಮೂತಿ ನೆಕ್ಕಿಕೊಳ್ಳುತ್ತವೆ, ಕೈ ಹತ್ತಿರ ಬಂದಾಗ ಒಂದು ಗಳಿಗೆ ಕಲ್ಲಿನಂತೆ ನಿಲ್ಲುತ್ತವೆ. ಬಾಯಿ ಹಾಕುವುದು ಇದೆಲ್ಲ ಆದ ಮೇಲೆ. ಚುಕ್ಕಿಯ ನಾಲಿಗೆ ಹೇಗೂ ಹೊರಗೇ ಇರುತ್ತದೆ. ಮೂತಿ ನೆಕ್ಕಿಕೊಂಡರೆ ಯಾರಿಗೆ ಗೊತ್ತಾಗಬೇಕು?

ಡಾಕ್ಟರು ಬಾಯಿ ತೆರೆದು ನೋಡಿದರು. ತೊಂದರೆ ಸಿಕ್ಕಿದ್ದು ಬಲಗಡೆ! ಕೆಳದವಡೆಯ ಒಂದು ಪಕ್ಕದ ಮೂಳೆ ತೆಗೆದಾಗ ಉಳಿದ ಪಕ್ಕ ನಿಧಾನವಾಗಿ ಆ ಖಾಲಿ ಜಾಗದ ಕಡೆಗೆ ಸರಿಯುತ್ತದೆ. ಬಲ ದವಡೆ ಹಾಗೆ ಒಳಕ್ಕೆ ವಾಲಿತ್ತು. ಅದರ ಕೋರೆಹಲ್ಲು ಬಾಯಿ ಮುಚ್ಚಿದಾಗಲೆಲ್ಲ ಮೇಲಿನ ಅಂಗುಳಕ್ಕೆ ಚುಚ್ಚುತ್ತಿತ್ತು. ಅಂಗುಳದಲ್ಲಿ ಒಂದು ಗುಳಿಯೇ ಬಿದ್ದಿತ್ತು. ಗಲ್ಲ ಹಿಡಿದು ಎತ್ತಿದರೆ ಹಲ್ಲು ನೇರವಾಗಿ ಹುಣ್ಣಿನೊಳಗೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇದೇ. ಇಡೀ ಮನೆ ಎಡಗಡೆಯನ್ನು ನೋಡಿ ಮರುಗುತ್ತಿತ್ತು. ಎಡಗಡೆ ವಾಸಿಯಾಗಿ ಬಹಳ ಕಾಲವಾಗಿತ್ತು, ಅಲ್ಲಿ ಚರ್ಮದ ಕೆರಳಿಕೆ ಬಿಟ್ಟರೆ ನೋವಿರಲಿಲ್ಲ. ನೋವಿದ್ದದ್ದು ಫೋಟೋ ತೆಗೆಯುತ್ತಿದ್ದ ಚೆಂದದ ಬಲಗಡೆಯಲ್ಲಿ. ನೋಡಲು ಕಷ್ಟವಾಗುವುದು ಬೇರೆ, ಪ್ರಾಣಿಗೆ ಕಷ್ಟವಾಗುವುದು ಬೇರೆ. ಎರಡೂ ಒಂದೇ ಜಾಗದಲ್ಲಿ ಇರಬೇಕೆಂದೇನಿಲ್ಲ.

ಡಾಕ್ಟರ ಮುಂದೆ ಎರಡು ಪ್ರಶ್ನೆ ಇದ್ದವು. ಒಂದು ಆ ಕೋರೆಹಲ್ಲಿನದು. ಅದನ್ನು ಪೂರ್ತಿ ಕೀಳಬಹುದು. ಅಥವಾ ತುದಿ ಕತ್ತರಿಸಿ ಮೋಟು ಮಾಡಿ, ಒಳಗಿನ ಜೀವಂತ ಭಾಗಕ್ಕೆ ಔಷಧಿ ಹಾಕಿ ಮುಚ್ಚಬಹುದು. ಕಿತ್ತರೆ ನಾಲಿಗೆಗೆ ಇದ್ದ ಇನ್ನೊಂದು ತಡೆಯೂ ಹೋಗುತ್ತದೆ. ಆದ್ದರಿಂದ ಮೋಟು ಮಾಡುವುದೇ ಸರಿ ಎಂದರು. ಮನೆಯವರು ಒಪ್ಪಿದರು.

ಎರಡನೆಯ ಪ್ರಶ್ನೆ ತಾಯಿಯದು. ಹೇಗೂ ಅರಿವಳಿಕೆ ಕೊಡ್ತೀರಲ್ಲ, ಜೊತೆಗೇ ಆ ಎಡತುಟಿಯನ್ನೂ ಬಿಡಿಸಿ ಕೆಳಗಿಳಿಸಿ ಹೊಲಿಯಬಹುದಾ? ಹಲ್ಲು ಮುಚ್ಚಿಕೊಂಡರೆ ಸಾಕು. ಡಾಕ್ಟರು ತಕ್ಷಣ ಇಲ್ಲ ಎನ್ನಲಿಲ್ಲ. ತುಟಿ ಹೊಲಿದರೆ ನಾಯಿಗೆ ಏನು ಸಿಗುತ್ತದೆ ಎಂದು ತಿರುಗಿ ಕೇಳಿದರು. ಊಟ ಸುಲಭವಾಗುತ್ತದಾ? ಇಲ್ಲ. ಜೊಲ್ಲು ನಿಲ್ಲುತ್ತದಾ? ಇಲ್ಲ, ಅದು ದವಡೆ ಇಲ್ಲದ್ದರಿಂದ ಬರುವುದು. ಒಸಡು ಒಣಗುವುದು ಸ್ವಲ್ಪ ತಪ್ಪಬಹುದು, ಆದರೆ ಈಗ ಅಲ್ಲಿ ಅಂಥ ತೊಂದರೆಯೇನೂ ಇಲ್ಲ. ಕಲೆಯ ಚರ್ಮಕ್ಕೆ ಮತ್ತೆ ಕತ್ತರಿ ಹಾಕಿದರೆ ಮತ್ತೆ ಬಿಗಿಯುವ ಸಾಧ್ಯತೆಯೂ ಉಂಟು. ತಾಯಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಅದು ನಮಗೋಸ್ಕರ ಮಾಡೋ ಆಪರೇಷನ್ನು, ಬೇಡ ಬಿಡಿ" ಎಂದರು. ಅವರು ಹಾಗೆ ಹೇಳಿದಾಗಲೇ ಈ ನಾಯಿ ವಾಪಸ್ ಬರುವುದಿಲ್ಲ ಎಂದು ನನಗೆ ಅನ್ನಿಸಿತು.

ನಡೆದ ಬದಲಾವಣೆ

ಮನೆಗೆ ಹೋದ ಮೇಲೆ ಎಲ್ಲಕ್ಕಿಂತ ಮೊದಲು ಹಿಡಿದದ್ದು ವಾಸನೆಯನ್ನು. ಆ ಸುತ್ತನ್ನು ಎಲ್ಲಿಯಾದರೂ ಕತ್ತರಿಸಬೇಕಿತ್ತು. ಮನಸ್ಸು ಬದಲಿಸಿ ಎಂದು ಯಾರಿಗೂ ಹೇಳಲಾಗದು, ಗಲ್ಲ ಒರೆಸಿ ಎಂದು ಹೇಳಬಹುದು. ಸ್ಕಾರ್ಫ್ ಬಿಚ್ಚಿಸಿದೆವು. ಗಲ್ಲದ ಕೂದಲನ್ನು ಗಿಡ್ಡ ಕತ್ತರಿಸಿದರು. ಡಾಕ್ಟರು ಕೊಟ್ಟ ಔಷಧಿಯಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆರಡು ಸಲ ಒರೆಸುವುದು, ಆಮೇಲೆ ಒಣ ಬಟ್ಟೆಯಿಂದ ಒತ್ತುವುದು. ಒಣಗಿಸುವುದೇ ಮುಖ್ಯ. ಎರಡು ವಾರದೊಳಗೆ ಚರ್ಮ ತಿಳಿಯಾಯಿತು. ವಾಸನೆ ಹೋಯಿತು. ಮುಖ ಮೊದಲು ಹೇಗಿತ್ತೋ ಹಾಗೇ ಇತ್ತು, ಆದರೂ ತಾಯಿ ಫೋನಿನಲ್ಲಿ "ಈಗ ನೋಡೋಕೆ ಪರವಾಗಿಲ್ಲ" ಎಂದರು!

ಅಜ್ಜಿ ಒಳಗೆ ಬಂದದ್ದು ನೀರಿನ ಬಟ್ಟಲಿನ ಮೂಲಕ. ಚುಕ್ಕಿ ನೀರು ಕುಡಿದರೆ ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ನೆಲದ ಮೇಲೆ ಜಾರುವ ಭಯ ಅಜ್ಜಿಗೆ. ಹಾಗಾಗಿ ಅವರು ಕೂತು ಅದು ಕುಡಿಯುವುದನ್ನೇ ನೋಡತೊಡಗಿದರು. ನಾಲಿಗೆಯ ತುದಿ ಎಡಕ್ಕೆ ಜಾರುವುದರಿಂದ ಅದು ತಲೆಯನ್ನು ಬಲಕ್ಕೆ ಓರೆ ಮಾಡಿ, ಮೂತಿಯನ್ನು ನೀರಿನೊಳಗೆ ಅದ್ದಿ ಕುಡಿಯುತ್ತದೆ ಎಂದು ಪತ್ತೆ ಮಾಡಿದ್ದು ಅವರೇ. "ತಟ್ಟೆಯಂಥದ್ದು ಬೇಡ, ಆಳದ್ದು ಇಡು. ತುಂಬಾ ತುಂಬಿಸು. ಕೆಳಗಲ್ಲ, ಮಣೆ ಮೇಲಿಡು" ಎಂದರು. ಚೆಲ್ಲುವುದು ಎಷ್ಟೋ ಕಡಿಮೆಯಾಯಿತು. ಊಟವನ್ನು ಉಂಡೆ ಕಟ್ಟಿ ಕೊಟ್ಟರೆ ದವಡೆ ಇಲ್ಲದ ನಾಯಿಗೆ ಎತ್ತಿಕೊಳ್ಳಲು ಸುಲಭ. ನಾವು ಮೊದಲೇ ಕೊಟ್ಟಿದ್ದ ಸಲಹೆ ಅದು. ಆದರೆ ಎಷ್ಟು ದೊಡ್ಡ ಉಂಡೆ, ಎಷ್ಟು ಗಟ್ಟಿ ಎಂಬ ಹದ ಕಂಡುಹಿಡಿದದ್ದೂ ಅಜ್ಜಿ.

ಅವರು ಚುಕ್ಕಿಯನ್ನು ಆಗ ಪ್ರೀತಿಸುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಒಂದು ಸಮಸ್ಯೆ ಸಿಕ್ಕಿತ್ತು, ಅದನ್ನು ಬಗೆಹರಿಸುವ ಹಟ ಹುಟ್ಟಿತ್ತು. ಆ ಹಟದಲ್ಲಿ, ಎದ್ದು ಕೋಣೆಗೆ ಹೋಗುತ್ತಿದ್ದವರು ಆ ಮುಖವನ್ನು ದಿನಾ ಹತ್ತಿರದಿಂದ, ಗಮನ ಕೊಟ್ಟು ನೋಡಬೇಕಾಯಿತು. ಕೆಲವು ತಿಂಗಳ ನಂತರ ಬಂಧುಗಳೊಬ್ಬರು ನಾಯಿಯನ್ನು ನೋಡಿ ಮುಖ ಸಿಂಡರಿಸಿದಾಗ ಅಜ್ಜಿ ಸಿಡುಕಿದರಂತೆ: "ಏನಾಗಿದೆ ಅವಳಿಗೆ? ಲಕ್ಷಣವಾಗೇ ಇದ್ದಾಳಲ್ಲ!"

ಮನಃಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಮಾತು ಒಂದಿದೆ. ರಾಬರ್ಟ್ ಝಾಯಂಟ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಮುಖಗಳನ್ನೂ ಜನರಿಗೆ ಮತ್ತೆ ಮತ್ತೆ ತೋರಿಸಿದಷ್ಟೂ ಅವು ಹೆಚ್ಚು ಹಿಡಿಸುತ್ತಿದ್ದವು. ಆದರೆ ಈ ಮನೆಯಲ್ಲಿ ಮೊದಲ ಕೆಲವು ವಾರ ಚುಕ್ಕಿ ಎಲ್ಲರ ಕಣ್ಣಿಗೆ ಬೀಳುತ್ತಲೇ ಇತ್ತು, ಅಸಹ್ಯ ಕಡಿಮೆಯಾಗಲಿಲ್ಲ. ಕಣ್ಣಿಗೆ ಬೀಳುವುದಕ್ಕೂ ನೋಡುವುದಕ್ಕೂ ನಡುವೆ ಏನೋ ಇದೆ. ನನ್ನ ಲೆಕ್ಕದಲ್ಲಿ ಅದು ಕೆಲಸ. ಕೈಯಲ್ಲಿ ಒಂದು ಕೆಲಸ ಇದ್ದಾಗ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ.

ಮಗಳ ಪಾಲಿನ ಕೆಲಸ ಬೇರೆಯದು. ಹಲ್ಲು ಕಂಡರೆ ಸಿಟ್ಟು ಎಂದು ತಿಳಿಯಲಾಗದ ನಾಯಿಯ ಸಿಟ್ಟನ್ನು ತಿಳಿಯುವುದು ಹೇಗೆ? ಒಂದು ನೋಟ್‌ಬುಕ್ ಇಡು ಎಂದೆ. ಬಾಯಿಯನ್ನು ಬಿಟ್ಟು ಬೇರೆಲ್ಲ ಬರಿ. ಕಿವಿ ಎಲ್ಲಿದೆ, ಮೈಭಾರ ಮುಂದಿದೆಯಾ ಹಿಂದಿದೆಯಾ, ಬಾಲ ಎಷ್ಟು ಎತ್ತರ, ಎಷ್ಟು ಸಡಿಲ. ಬಾಲದ ಬಗ್ಗೆ ಒಂದು ಸಂಗತಿ ಹೇಳಿದ್ದೆ. 2007ರಲ್ಲಿ ಇಟಲಿಯ ಸಂಶೋಧಕರು, ನಾಯಿಗಳು ಒಡೆಯರನ್ನು ಕಂಡಾಗ ಬಾಲವನ್ನು ತಮ್ಮ ಬಲಕ್ಕೆ ಹೆಚ್ಚು ಬೀಸುತ್ತವೆ, ಜೋರು ಮಾಡುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ಬೀಸುತ್ತವೆ ಎಂದು ತೋರಿಸಿದ್ದರು. ಬರಿಗಣ್ಣಿಗೆ ಅದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೂ ಹುಡುಗಿ ಪಟ್ಟು ಬಿಡದೆ ನೋಡುತ್ತಿದ್ದಳು, ಅದರಿಂದ ನಷ್ಟವೇನೂ ಇಲ್ಲ.

ಆಕೆ ಹೆಚ್ಚು ಬರೆದದ್ದು ಬಲಗಣ್ಣಿನ ಮೇಲಿನ ಹುಬ್ಬಿನ ಬಗ್ಗೆ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಹಾಗೆ ಇಲ್ಲ ಎಂದು 2019ರ ಒಂದು ಸಂಶೋಧನೆ ಹೇಳಿತು. ಆ ಹುಬ್ಬು ಎತ್ತಿದಾಗ ಕಣ್ಣು ದೊಡ್ಡದಾಗಿ, ಮಗುವಿನ ಕಣ್ಣಿನಂತೆ ಕಾಣುತ್ತದೆ. ಹುಬ್ಬನ್ನು ಹೆಚ್ಚು ಎತ್ತುವ ನಾಯಿಗಳು ಆಶ್ರಯ ಕೇಂದ್ರಗಳಿಂದ ಬೇಗ ದತ್ತು ಹೋಗುತ್ತವೆ ಎಂದು 2013ರ ಇನ್ನೊಂದು ಅಧ್ಯಯನದಲ್ಲಿ ಬಂದಿತ್ತು. ದೊಡ್ಡ ತಲೆ, ದೊಡ್ಡ ಕಣ್ಣು, ದುಂಡು ಕೆನ್ನೆ ಕಂಡರೆ ನಮಗೆ ತಾನಾಗಿಯೇ ಮುದ್ದು ಉಕ್ಕುತ್ತದೆ ಎಂದು ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಝ್ 1943ರಲ್ಲೇ ಬರೆದಿದ್ದರು. ಚುಕ್ಕಿಯಂಥ ಪ್ರಾಣಿಗೆ ಈ ತಾನಾಗಿ ಬರುವ ಮುದ್ದಿನ ಲಾಭ ಸಿಗುವುದಿಲ್ಲ. ಅದಕ್ಕಿರುವುದು ಒಂದೇ ಹುಬ್ಬು. ಆ ಒಂದು ಹುಬ್ಬಿನಲ್ಲಿ ಎಷ್ಟೆಲ್ಲ ಇದೆ ಎಂದು ಹುಡುಗಿ ಪುಟಗಟ್ಟಲೆ ಬರೆದಳು. ಬಾಗಿಲ ಗಂಟೆ ಕೇಳಿದಾಗ ಹೇಗೆ, ಅಜ್ಜಿ ಉಂಡೆ ಕಟ್ಟುವಾಗ ಹೇಗೆ, ಸ್ನಾನದ ಬಕೆಟ್ ಕಂಡಾಗ ಹೇಗೆ. ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ "ಎಡಗಡೆ ಹಲ್ಲು ಕಾಣ್ತಿದೆ" ಎಂದು ಪದೇ ಪದೇ ಬರುತ್ತದೆ. ಬಾಯಿ ಬಿಟ್ಟು ಬರಿ ಎಂದಿದ್ದರೂ. ಮುಂದಿನ ಪುಟಗಳಲ್ಲಿ ಹಲ್ಲಿನ ಸುದ್ದಿಯೇ ಇಲ್ಲ.

ಇದನ್ನೆಲ್ಲ ನೋಡಿದ ಮೇಲೆ ನನಗನ್ನಿಸುವುದು: ಕುರೂಪ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು, ಓದಲು ಬಾರದ ಮುಖದ ಎದುರು ಆಗುವ ಕಸಿವಿಸಿ. ಚುಕ್ಕಿ ಏನು ಹೇಳುತ್ತಿದೆ ಎಂದು ತಿಳಿಯತೊಡಗಿದ ಮೇಲೆ ಆ ಮೂವರಿಗೂ ಕಸಿವಿಸಿ ಕಡಿಮೆಯಾಯಿತು. ಮಿಕ್ಕದ್ದು ಬೇಗ ಬಂತು.

ಹೊರಗಿನವರು

ಮನೆಗೆ ಬರುವವರಿಗೆ ಕಥೆ ಹೇಳುವುದನ್ನು ನಿಲ್ಲಿಸಿ ಎಂದು ತಾಯಿಗೆ ಹೇಳಿದೆವು. ಬದಲಿಗೆ ಒಂದು ಚಿಕ್ಕ ಮಾತು: "ಪೆಟ್ಟು ಬಿದ್ದಿತ್ತು, ವಾಸಿಯಾಗಿದೆ. ಬಲಗಡೆಯಿಂದ ಬನ್ನಿ, ಮೊದಲು ಕೈ ಮೂಸಲಿ." ಇದರಲ್ಲಿ ಮರುಗಲು ಜಾಗವಿಲ್ಲ. ಮಾಡಬೇಕಾದ ಕೆಲಸ ಒಂದಿದೆ, ಬಂದವರು ಅದನ್ನು ಮಾಡುತ್ತಾರೆ. ಬೆಚ್ಚುವುದು ತಪ್ಪಿತು. ಮಕ್ಕಳ ವಿಷಯದಲ್ಲಿ ತೊಂದರೆಯೇ ಇರಲಿಲ್ಲ. ನಾಲಿಗೆ ಯಾಕೆ ಹೊರಗಿದೆ ಎಂದು ನೇರ ಕೇಳುತ್ತಾರೆ, ಉತ್ತರ ಸಿಕ್ಕಿದರೆ ಆಟಕ್ಕೆ ಹೋಗುತ್ತಾರೆ. ಕದ್ದು ನೋಡಿ ಕಣ್ಣು ತಿರುಗಿಸುವುದು ದೊಡ್ಡವರು.

ಬೇರೆ ನಾಯಿಗಳದು ಅಷ್ಟು ಸರಾಗವಾಗಲಿಲ್ಲ. ಅವಕ್ಕೆ ಮಾತು ಹೇಳಿ ಒಪ್ಪಿಸಲಾಗದಲ್ಲ. ಎದುರಾಬದುರು ಬಿಡುವುದನ್ನು ನಿಲ್ಲಿಸಿ, ದೂರದಲ್ಲಿ ಒಂದೇ ದಿಕ್ಕಿಗೆ ಜೊತೆಯಾಗಿ ನಡೆಸುತ್ತಾ, ಚುಕ್ಕಿಯ ಬಲಗಡೆ ಆ ನಾಯಿಗೆ ಕಾಣುವಂತೆ ಇಟ್ಟುಕೊಂಡು, ನಿಧಾನವಾಗಿ ಅಂತರ ಕಡಿಮೆ ಮಾಡಿದರು. ಒಂದು ವಯಸ್ಸಾದ, ಸಮಾಧಾನದ ನಾಯಿ ಗೆಳೆತನ ಮಾಡಿತು. ಉಳಿದವುಗಳಲ್ಲಿ ಹೆಚ್ಚಿನವು ಇವತ್ತಿಗೂ ದೂರವೇ. ಜನ ಕಡಿಮೆ ಇರುವ ಹೊತ್ತಿನಲ್ಲಿ ವಾಕಿಂಗ್ ಕರೆದೊಯ್ಯುತ್ತಾರೆ.

ಒಂದು ಎಚ್ಚರಿಕೆ

ಇಂಥ ಪ್ರಕರಣ ಓದಿ "ವಿಚಿತ್ರವಾಗಿದ್ದರೇ ಚೆಂದ" ಎಂದು ಹೊರಡುವವರಿದ್ದಾರೆ. ಅಲ್ಲಿ ನಾನು ಜೊತೆಗಿಲ್ಲ. ಪೆಟ್ಟಿನಿಂದ, ಕಾಯಿಲೆಯಿಂದ ಹೀಗಾದ ಪ್ರಾಣಿಗೆ ಮನೆ ಕೊಡುವುದು ಒಂದು. ಹಾಗೆ ಕಾಣಲೆಂದೇ ಪ್ರಾಣಿಯನ್ನು ಹುಟ್ಟಿಸುವುದು ಇನ್ನೊಂದು. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕುಗಳ ತಳಿ ಶುರುವಾದದ್ದು 1961ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಸಿಕ್ಕ ಸೂಸಿ ಎಂಬ ಒಂದು ಬೆಕ್ಕಿನಿಂದ. ಕಿವಿ ಮಡಚಿಸುವ ಅದೇ ವಂಶವಾಹಿ ಮೈಯ ಮೃದ್ವಸ್ಥಿಯನ್ನೆಲ್ಲ ಕೆಡಿಸುತ್ತದೆ, ಕೀಲುಗಳು ನೋಯುತ್ತವೆ. ಮೂತಿ ಚಪ್ಪಟೆಯಾದ ಎಷ್ಟೋ ನಾಯಿಗಳು ಉಸಿರಿಗೆ ಒದ್ದಾಡುವ ಸದ್ದನ್ನು ಜನ ಮುದ್ದಿನ ಗೊರಕೆ ಎಂದುಕೊಳ್ಳುತ್ತಾರೆ. ಚುಕ್ಕಿಯ ತುಟಿಯ ಬಗ್ಗೆ ಡಾಕ್ಟರು ಕೇಳಿದ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು: ಇದರಿಂದ ಪ್ರಾಣಿಗೇನು ಸಿಗುತ್ತದೆ?

ಈಗ ಹೇಗಿದೆ, ನಾವೇನು ಬದಲಿಸಿದೆವು

ಚುಕ್ಕಿ ಅದೇ ಮನೆಯಲ್ಲಿದೆ. ಅಂಗುಳದ ಹುಣ್ಣು ಮಾಯ್ದಿದೆ. ಗಲ್ಲ ಒರೆಸುವುದು ಒಂದು ವಾರ ತಪ್ಪಿದರೂ ಚರ್ಮ ಮತ್ತೆ ಕೆಂಪಾಗುತ್ತದೆ, ಅದು ಜೀವನಪೂರ್ತಿಯ ಕೆಲಸ. ಮಗಳು ಈಗ ಎರಡೂ ಕಡೆಯ ಫೋಟೋ ಹಾಕುತ್ತಾಳೆ. ತಾಯಿಯ ಅಣ್ಣ ಮಾತ್ರ ಇಂದಿಗೂ ನಾಯಿಯನ್ನು ಕಟ್ಟಿದರಷ್ಟೇ ಒಳಗೆ ಬರುತ್ತೇನೆ ಎನ್ನುತ್ತಾರೆ. ಮನೆಯವರು ಕಟ್ಟುವುದಿಲ್ಲ ಎಂದಿದ್ದಾರೆ, ಹಾಗಾಗಿ ಅಣ್ಣ ಅಂಗಳದಲ್ಲೇ ಕೂತು ಮಾತಾಡಿ ಹೋಗುತ್ತಾರೆ.

ನಮ್ಮ ಕೇಂದ್ರದಲ್ಲಿ ಇಂಥ ಪ್ರಾಣಿಗಳನ್ನು ಕೊಡುವ ಕ್ರಮ ಬದಲಾಗಿದೆ. ಮೊದಲ ಫೋಟೋವೇ ಕಷ್ಟದ ಪಕ್ಕದ್ದು. ಅಪಘಾತದ ಕಥೆಯನ್ನು ಕೇಳಿದರೆ ಮಾತ್ರ ಹೇಳುತ್ತೇವೆ. ಒಯ್ಯಲು ಬಂದವರ ಕೈಗೆ ಮೊದಲು ಬಟ್ಟೆ ಕೊಟ್ಟು ಮುಖ ಒರೆಸಲು, ಊಟ ಕೊಡಲು ಕಲಿಸುತ್ತೇವೆ. ಒಂದೇ ಸಲ ಅಲ್ಲ, ಬೇರೆ ಬೇರೆ ದಿನ. ದವಡೆಗೆ ಆಪರೇಷನ್ ಆದ ನಾಯಿಗಳಿಗೆ ಮನೆಗೆ ಹೋದ ಮೇಲೂ ಬಾಯಿ ತಪಾಸಣೆ ಕಡ್ಡಾಯ ಮಾಡಿದ್ದೇವೆ, ಪೆಟ್ಟಾಗದ ಪಕ್ಕದ್ದೂ ಸೇರಿ. "ಪಾಪ" ಎಂದು ಅರ್ಜಿಯಲ್ಲಿ ಬರೆದವರನ್ನು ತಿರಸ್ಕರಿಸುವುದಿಲ್ಲ, ಸ್ವಲ್ಪ ಕಾಯಿಸುತ್ತೇವೆ. ಬಟ್ಟೆ ಹಿಡಿದ ಮೊದಲ ದಿನವೇ ಕೆಲವರು ಬೇಡ ಎಂದು ಹೋಗುತ್ತಾರೆ. ಅವರಿಗೆ ಬೇರೆ ಪ್ರಾಣಿಯನ್ನು ತೋರಿಸುತ್ತೇವೆ.